ಓಡುತ್ತಿರುವ ಕರ್ನೆಲ್‌ನ ತಿದ್ದುಪಡಿ ಮತ್ತು ಕಂಪೈಲರ್ ಇಡಬೇಕಾದ ಲೆಕ್ಕ

ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ದಿನವೂ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಉದ್ಯೋಗಿಗಳೂ ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ, ತುಮಕೂರಿನಲ್ಲೇ, ನಾನು ನೀಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ವಾಕ್ಯಗಳಲ್ಲಿ ವಿವರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಮಾನ್ಯರೇ, ಲಿನಕ್ಸ್ ಕರ್ನೆಲ್‌ನಲ್ಲಿ, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಾದ ಪ್ರೋಗ್ರಾಂನಲ್ಲಿ, ಭದ್ರತೆಗೆ ಸಂಬಂಧಿಸಿದ ಒಂದು ದೋಷ ಪತ್ತೆಯಾಯಿತು ಎಂದುಕೊಳ್ಳಿ. ಅದನ್ನು ಸರಿಪಡಿಸುವ ತಿದ್ದುಪಡಿ ಅನೇಕ ಸಲ ನಾಲ್ಕೈದು ಸಾಲುಗಳಷ್ಟೇ ಇರುತ್ತದೆ. ಆದರೆ ಆ ನಾಲ್ಕು ಸಾಲು ಯಂತ್ರದೊಳಗೆ ಹೋಗಬೇಕಾದರೆ ಹೊಸ ಕರ್ನೆಲ್ ಕಟ್ಟಿ, ನಡೆಯುತ್ತಿರುವ ಎಲ್ಲ ಕೆಲಸವನ್ನೂ ನಿಲ್ಲಿಸಿ, ರೀಬೂಟ್ ಮಾಡಬೇಕು. ನಮ್ಮ ಜಿಲ್ಲೆಯ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜು ಈಗ ಆನ್‌ಲೈನಿನಲ್ಲಿ ನಡೆಯುತ್ತದೆ. ವರ್ತಕರು ಬೆಲೆ ನಮೂದಿಸುತ್ತಿರುವ ಹೊತ್ತಿಗೆ ಸರ್ವರ್ ಹತ್ತು ನಿಮಿಷ ನಿಂತರೆ ಚೀಲಗಳ ಪಕ್ಕದಲ್ಲಿ ಕುಳಿತ ರೈತನಿಗೆ ಅದು ಎಂಥ ಹತ್ತು ನಿಮಿಷ ಎಂಬುದನ್ನು ಇಲ್ಲಿರುವ ಹಲವರು ಬಲ್ಲಿರಿ. ಹಾಗೆಂದು ರೀಬೂಟನ್ನು ಮುಂದಿನ ವಾರಕ್ಕೆ ತಳ್ಳಿದರೆ, ಆ ವಾರವಿಡೀ ದೋಷ ತೆರೆದೇ ಇರುತ್ತದೆ. ಈ ಇಕ್ಕಟ್ಟಿನಿಂದ ಹುಟ್ಟಿದ್ದೇ ಲೈವ್ ಪ್ಯಾಚಿಂಗ್, ಅಂದರೆ ಯಂತ್ರ ಓಡುತ್ತಿರುವಾಗಲೇ ಕರ್ನೆಲ್‌ನೊಳಗಿನ ಫಂಕ್ಷನ್ ಒಂದನ್ನು (ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡ್‌ನ ತುಣುಕನ್ನು) ಬದಲಿಸುವ ವಿದ್ಯೆ.

ಇದರ ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಕೆಸ್ಪ್ಲೈಸ್ 2008ರಲ್ಲಿ ಹೊರಬಂದಿತು. 2011ರಲ್ಲಿ ಅದನ್ನು ಒರಾಕಲ್ ಕೊಂಡುಕೊಂಡಿತು. 2014ರಲ್ಲಿ ರೆಡ್ ಹ್ಯಾಟ್ ಕೆಪ್ಯಾಚ್ ಎಂಬುದನ್ನೂ ಸೂಸೆ ಕೆಗ್ರಾಫ್ಟ್ ಎಂಬುದನ್ನೂ ಪ್ರಕಟಿಸಿದವು. ಎರಡಕ್ಕೂ ಸಾಮಾನ್ಯವಾದ ತಳಹದಿಯೊಂದು 2015ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 4.0ರಲ್ಲಿ ಸೇರಿತು. ಇಂದಿನ ನನ್ನ ಮಾತು ಆ ತಳಹದಿಯ ಬಗ್ಗೆ ಅಲ್ಲ. ಅದು ಸರಿಯಾಗಿ ಕೆಲಸ ಮಾಡಿಯೂ ಪ್ಯಾಚ್ ತಪ್ಪಾಗುವ ಸಂದರ್ಭಗಳಿವೆ. ಅವುಗಳ ಮೂಲ ಕಂಪೈಲರ್‌ನಲ್ಲಿದೆ, ಅಂದರೆ ಮೂಲ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಸಾಧನದಲ್ಲಿದೆ; ಪರಿಹಾರದ ಒಂದು ಭಾಗವೂ ಕಂಪೈಲರ್‌ನ ಆಪ್ಷನ್‌ಗಳಲ್ಲಿದೆ. ಅದನ್ನೇ ಇಂದು ಹೇಳಲು ಬಂದಿದ್ದೇನೆ.

ಪ್ಯಾಚ್ ಕೂರುವ ಬಗೆಯನ್ನು ಮೊದಲು ನೋಡೋಣ. ಎಕ್ಸ್86 (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ) ಯಂತ್ರಗಳಲ್ಲಿ ಕರ್ನೆಲ್ ಕಟ್ಟುವಾಗ ‘ಪಿಜಿ’ ಮತ್ತು ‘ಎಂ-ಎಫ್‌ಎಂಟ್ರಿ’ ಎಂಬ ಎರಡು ಆಪ್ಷನ್ ಕೊಟ್ಟರೆ, ಕಂಪೈಲರ್ ಹೆಚ್ಚುಕಡಿಮೆ ಪ್ರತಿಯೊಂದು ಫಂಕ್ಷನ್‌ನ ಮೊಟ್ಟಮೊದಲ ಜಾಗದಲ್ಲಿ 5 ಬೈಟ್‌ನ ಒಂದು ಕರೆಯನ್ನು ಇಡುತ್ತದೆ. ಯಂತ್ರ ಚಾಲೂ ಆದಾಗ ಈ 5 ಬೈಟ್‌ಗಳು ಏನನ್ನೂ ಮಾಡದ ಖಾಲಿ ಸೂಚನೆಗಳಾಗಿರುತ್ತವೆ. ಪ್ಯಾಚ್ ಬಂದಾಗ ಎಫ್‌ಟ್ರೇಸ್ ಎಂಬ ವ್ಯವಸ್ಥೆ ಆ ಖಾಲಿ ಜಾಗವನ್ನು ಮತ್ತೆ ಕರೆಯಾಗಿ ಮಾರ್ಪಡಿಸುತ್ತದೆ. ಹಳೆಯ ಫಂಕ್ಷನ್‌ನ ಹೊಸ್ತಿಲಿಗೆ ಬಂದವರನ್ನು ಅಲ್ಲಿಂದಲೇ ಹೊಸ ಫಂಕ್ಷನ್‌ನ ಮನೆಗೆ ಕಳುಹಿಸಲಾಗುತ್ತದೆ. ಹಳೆಯ ಕೋಡ್ ಅಳಿಯುವುದಿಲ್ಲ, ಅದರ ಒಳಗೆ ಯಾರೂ ಹೋಗುವುದಿಲ್ಲ, ಅಷ್ಟೆ. ಇತರ ಯಂತ್ರಗಳಿಗೆ ಅನುಕೂಲವಾಗುವಂತೆ ಇದೇ ಬಗೆಯ ಖಾಲಿ ಜಾಗವನ್ನು ಬೇಕಾದಷ್ಟು ಇಡಿಸಿಕೊಳ್ಳುವ ‘ಎಫ್-ಪ್ಯಾಚಬಲ್-ಫಂಕ್ಷನ್-ಎಂಟ್ರಿ’ ಎಂಬ ಆಪ್ಷನ್ ಜಿಸಿಸಿ ಎಂಬ ಕಂಪೈಲರ್‌ನ 2018ರ 8ನೇ ಆವೃತ್ತಿಯಲ್ಲಿ ಬಂದಿತು. ಅದು ಕ್ಲ್ಯಾಂಗ್ ಕಂಪೈಲರ್‌ನಲ್ಲೂ ಇದೆ.

ಈ ಇಡೀ ಏರ್ಪಾಡು ಒಂದೇ ಒಂದು ನಂಬಿಕೆಯ ಮೇಲೆ ನಿಂತಿದೆ: ಆ ಫಂಕ್ಷನ್ ಬೇಕಾದವರೆಲ್ಲರೂ ಅದರ ಹೊಸ್ತಿಲು ದಾಟಿಯೇ ಬರುತ್ತಾರೆ ಎಂಬುದು. ಮೂಲ ಕೋಡ್ ಓದಿದರೆ ಹಾಗೆಯೇ ಕಾಣುತ್ತದೆ. ಕಂಪೈಲರ್ ಬರೆದ ಕೋಡ್‌ನಲ್ಲಿ ಮಾತ್ರ ಅದು ನಿಜವಾಗಿರಬೇಕೆಂದಿಲ್ಲ.

ಪಹಣಿಯ ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಇಲ್ಲಿರುವ ಬಹುತೇಕರ ಮನೆಯಲ್ಲಿ ಪಹಣಿ ಇದೆ. ಒಂದು ಸರ್ವೆ ನಂಬರಿನಲ್ಲಿ ವಿಸ್ತೀರ್ಣ 5 ಎಕರೆ 10 ಗುಂಟೆ ಎಂದು ತಪ್ಪಾಗಿ ನಮೂದಾಗಿತ್ತು. ಅರ್ಜಿ ಕೊಟ್ಟ ಮೇಲೆ ಅದು 4 ಎಕರೆ 10 ಗುಂಟೆ ಎಂದು ತಿದ್ದುಪಡಿಯಾಯಿತು. ತಾಲೂಕು ಕಚೇರಿಗೆ ಹೋಗಿ ಹೊಸ ಪಹಣಿ ತೆಗೆಸುವವರಿಗೆಲ್ಲ ಸರಿಯಾದ ವಿಸ್ತೀರ್ಣ ಸಿಗುತ್ತದೆ. ಆದರೆ ಸಾಲದ ಕಡತದಲ್ಲಿ ಹಳೆಯ ಪಹಣಿಯ ಜೆರಾಕ್ಸ್ ಇಟ್ಟುಕೊಂಡ ಬ್ಯಾಂಕು ಆ ಜೆರಾಕ್ಸನ್ನೇ ನೋಡುತ್ತಿರುತ್ತದೆ. ಇದು ಮೊದಲನೆಯ ತೊಂದರೆ: ನಕಲು. ಎರಡನೆಯ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಬೇರೊಂದು ಕಡೆ ಯಾರೋ ಹಳೆಯ ಪಹಣಿಯನ್ನು ಒಮ್ಮೆ ನೋಡಿ, ನಕಲನ್ನೂ ಇಟ್ಟುಕೊಳ್ಳದೆ, 5 ಎಕರೆಗಿಂತ ಹೆಚ್ಚಿದೆ ಎಂಬ ಕಾರಣಕ್ಕೆ ಆ ರೈತನ ಹೆಸರನ್ನು ಸಣ್ಣ ರೈತರ ಪಟ್ಟಿಯಿಂದ ಕೈಬಿಟ್ಟಿದ್ದಾರೆ. ಆ ಪಟ್ಟಿಯಲ್ಲಿ ಪಹಣಿಯ ಒಂದು ಅಕ್ಷರವೂ ಇಲ್ಲ. ಪಹಣಿಯನ್ನು ನಂಬಿ ತೆಗೆದುಕೊಂಡ ತೀರ್ಮಾನವೊಂದೇ ಇದೆ. ನಕಲುಗಳನ್ನಾದರೂ ಕಡತ ತೆರೆದು ಹುಡುಕಬಹುದು. ಇಂಥ ತೀರ್ಮಾನವನ್ನು ಎಲ್ಲಿ ಹುಡುಕುವುದು?

ಕಂಪೈಲರ್ ಈ ಎರಡೂ ಕೆಲಸಗಳನ್ನು ದಿನವೂ ಮಾಡುತ್ತದೆ, ವೇಗಕ್ಕಾಗಿ ಮಾಡಲೇಬೇಕು. ಒಂದು ಸಣ್ಣ ಫಂಕ್ಷನ್ ಅನ್ನು ಕರೆಯುವ ಬದಲು ಅದರ ಒಡಲನ್ನೇ ಕರೆಯುವವನ ಒಳಗೆ ಹರಡಿಬಿಡುವುದಕ್ಕೆ ಇನ್‌ಲೈನಿಂಗ್ ಎನ್ನುತ್ತಾರೆ. ಒಂದು ಫಂಕ್ಷನ್‌ಗೆ ಬರುವ ಆರ್ಗ್ಯುಮೆಂಟ್ ಕೆಲವು ಕಡೆಗಳಿಂದ ಒಂದೇ ಸ್ಥಿರ ಬೆಲೆಯದಾಗಿದ್ದರೆ, ಆ ಬೆಲೆಗೆಂದೇ ಒಂದು ಪ್ರತ್ಯೇಕ ಪ್ರತಿ ಮಾಡಿ ಅವರನ್ನು ಅಲ್ಲಿಗೆ ಕಳುಹಿಸುವುದು ಕ್ಲೋನಿಂಗ್. ಕರ್ನೆಲ್‌ನ ಸಿಂಬಲ್ ಪಟ್ಟಿಯಲ್ಲಿ, ಅಂದರೆ ಫಂಕ್ಷನ್‌ಗಳ ಹೆಸರು ಮತ್ತು ವಿಳಾಸಗಳ ಪಟ್ಟಿಯಲ್ಲಿ, ಕೆಲವು ಹೆಸರುಗಳ ಕೊನೆಗೆ ‘ಕಾನ್‌ಸ್ಟ್‌ಪ್ರಾಪ್’, ‘ಐಸ್ರಾ’, ‘ಪಾರ್ಟ್’ ಎಂಬ ಬಾಲಗಳು ಅಂಟಿರುವುದನ್ನು ನೋಡಿರಬಹುದು. ಅವೆಲ್ಲ ಇಂಥ ಪ್ರತಿಗಳ ಗುರುತುಗಳು.

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಕೈಯಾರೆ ಬರೆದ ಒಂದು ಪ್ಯಾಚಿನ ಕಥೆ ಇದು. ಒಂದು ಡ್ರೈವರ್‌ನಲ್ಲಿ ಬಂದ ದತ್ತಾಂಶದ ಉದ್ದವನ್ನು ಪರೀಕ್ಷಿಸುವ ಸ್ಟ್ಯಾಟಿಕ್ (ತನ್ನ ಕಡತದ ಒಳಗಷ್ಟೇ ಹೆಸರು ಕಾಣುವ) ಫಂಕ್ಷನ್ ಇತ್ತು. ಅದರಲ್ಲಿ ‘ಚಿಕ್ಕದು ಅಥವಾ ಸಮ’ ಎಂದಿದ್ದ ಹೋಲಿಕೆ ‘ಚಿಕ್ಕದು’ ಎಂದಾಗಬೇಕಿತ್ತು. ಅದನ್ನು ಕರೆಯುವವರು ಮೂವರು. ನಾನು ತಿದ್ದಿದ ಫಂಕ್ಷನ್ ಅನ್ನು ಮಾಡ್ಯೂಲ್ ಮಾಡಿ ಪರೀಕ್ಷಾ ಯಂತ್ರದಲ್ಲಿ ಹಾಕಿದೆ. ಯಾವ ತಕರಾರೂ ಬರಲಿಲ್ಲ. ‘ಸಿಸ್’ ಕಡತ ವ್ಯವಸ್ಥೆಯ ಕೆಳಗೆ ನನ್ನ ಪ್ಯಾಚಿನ ‘ಎನೇಬಲ್ಡ್’ ಎಂಬಲ್ಲಿ 1, ‘ಟ್ರಾನ್ಸಿಷನ್’ ಎಂಬಲ್ಲಿ 0 ಎಂದು ಕಂಡಿತು. ಹಾಗೆಂದರೆ ಪ್ಯಾಚ್ ಪೂರ್ಣವಾಗಿ ಜಾರಿಯಲ್ಲಿದೆ ಎಂದರ್ಥ. ಆದರೂ ದೋಷವನ್ನು ಎಬ್ಬಿಸುವ ಪರೀಕ್ಷೆ ಎಂದಿನಂತೆ ದೋಷವನ್ನು ಎಬ್ಬಿಸಿತು. ಮಧ್ಯಾಹ್ನದವರೆಗೆ ನನ್ನ ಮಾಡ್ಯೂಲನ್ನೇ ಅನುಮಾನಿಸಿ ಮತ್ತೆ ಮತ್ತೆ ಕಟ್ಟಿದೆ. ಕೊನೆಗೆ ಆಬ್ಜ್‌ಡಂಪ್ ಎಂಬ ಸಾಧನದಿಂದ ಕರ್ನೆಲ್‌ನ ಯಂತ್ರಭಾಷೆಯನ್ನು ತೆರೆದು ನೋಡಿದಾಗ, ಮೂವರಲ್ಲಿ ಇಬ್ಬರ ಒಳಗೆ ಆ ಫಂಕ್ಷನ್‌ಗೆ ಹೋಗುವ ಕರೆ ಇತ್ತು. ಮೂರನೆಯದು ಅತಿ ಹೆಚ್ಚು ಸಲ ಓಡುವ ಓದುವಿಕೆಯ ದಾರಿ. ಅದರಲ್ಲಿ ಕರೆಯೇ ಇರಲಿಲ್ಲ. ಹಳೆಯ ಹೋಲಿಕೆಯ ಆ ಎರಡು ಸೂಚನೆಗಳು ಅದರ ಒಡಲಲ್ಲೇ ಕೂತಿದ್ದವು. ಮೂರೂ ಕಡೆ ಇನ್‌ಲೈನ್ ಆಗಿದ್ದರೆ ಆ ಹೆಸರು ಕರ್ನೆಲ್‌ನ ಸಿಂಬಲ್ ಪಟ್ಟಿಯಿಂದಲೇ ಮಾಯವಾಗಿ, ಪ್ಯಾಚ್ ಹಾಕುವಾಗಲೇ ‘ಇಂಥ ಫಂಕ್ಷನ್ ಇಲ್ಲ’ ಎಂಬ ನಿರಾಕರಣೆ ಬರುತ್ತಿತ್ತು, ನಾನು ಅಲ್ಲೇ ಎಚ್ಚೆತ್ತುಕೊಳ್ಳುತ್ತಿದ್ದೆ. ಅರ್ಧ ಇನ್‌ಲೈನ್ ಆದದ್ದೇ ಅಪಾಯಕಾರಿ, ಏಕೆಂದರೆ ಆಗ ಪ್ಯಾಚ್ ಯಶಸ್ವಿಯಾಯಿತೆಂದು ಯಂತ್ರವೇ ಹೇಳುತ್ತದೆ.

ಇದು ನನ್ನೊಬ್ಬನ ಅನುಭವ ಎಂದು ಭಾವಿಸಬೇಡಿ. ಕೆಸ್ಪ್ಲೈಸ್ ರೂಪಿಸಿದ ಜೆಫ್ ಆರ್ನಾಲ್ಡ್ ಮತ್ತು ಫ್ರಾನ್ಸ್ ಕಾಶೂಕ್ 2009ರ ತಮ್ಮ ಪ್ರಬಂಧದಲ್ಲಿ, 2005ರ ಮೇಯಿಂದ 2008ರ ಮೇವರೆಗಿನ 64 ಗಂಭೀರ ಭದ್ರತಾ ಪ್ಯಾಚ್‌ಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 20 ಪ್ಯಾಚ್‌ಗಳು ಓಡುತ್ತಿದ್ದ ಕರ್ನೆಲ್‌ನಲ್ಲಿ ಎಲ್ಲೋ ಇನ್‌ಲೈನ್ ಆಗಿದ್ದ ಫಂಕ್ಷನ್‌ಗಳನ್ನು ತಿದ್ದುವಂಥವು. ಮೂಲ ಕೋಡ್‌ನಲ್ಲಿ ‘ಇನ್‌ಲೈನ್’ ಎಂದು ಬರೆದಿದ್ದ ಫಂಕ್ಷನ್‌ಗಳನ್ನು ತಿದ್ದುವ ಪ್ಯಾಚ್‌ಗಳು ಮಾತ್ರ 4. ಅಂದರೆ ಮೂಲ ಕೋಡ್ ಓದಿ ‘ಇದು ಇನ್‌ಲೈನ್ ಆಗಿಲ್ಲ’ ಎಂದು ತೀರ್ಮಾನಿಸುವವರು ಇಪ್ಪತ್ತರಲ್ಲಿ ಹದಿನಾರು ಸಲ ಎಡವುತ್ತಾರೆ. ನನ್ನ ಮೇಜಿನ ಮೇಲೆ ಈ ಎರಡು ಸಂಖ್ಯೆಗಳನ್ನು ಬರೆದು ಅಂಟಿಸಿಕೊಂಡಿದ್ದೇನೆ.

ಇಷ್ಟೂ ನಕಲುಗಳ ಮಾತಾಯಿತು. ಇನ್ನು ತೀರ್ಮಾನಗಳ ಕಡೆಗೆ ಬರೋಣ; ಇಂದಿನ ವಿಷಯದ ತಿರುಳು ಇಲ್ಲಿದೆ.

ಒಂದು ಫಂಕ್ಷನ್ ತನಗೆ ಕೊಟ್ಟ ಆರ್ಗ್ಯುಮೆಂಟ್‌ಗಳನ್ನಷ್ಟೇ ನೋಡಿ ಒಂದು ಮಿತಿಯನ್ನು ಲೆಕ್ಕ ಹಾಕಿ ಹಿಂತಿರುಗಿಸುತ್ತದೆ, ಮೆಮೊರಿಯ ಬೇರಾವ ಜಾಗವನ್ನೂ ಓದುವುದಿಲ್ಲ, ಬರೆಯುವುದಿಲ್ಲ ಎಂದುಕೊಳ್ಳಿ. ಕಂಪೈಲರ್ ಅದರ ಒಡಲನ್ನು ಪರಿಶೀಲಿಸಿ ಇದು ‘ಕಾನ್‌ಸ್ಟ್’ ಸ್ವಭಾವದ್ದು ಎಂದು ಮನಸ್ಸಿನಲ್ಲಿ ಗುರುತಿಸಿಕೊಳ್ಳುತ್ತದೆ. ಆ ಫಂಕ್ಷನ್ ಅನ್ನು ಒಂದು ಲೂಪ್‌ನೊಳಗೆ ಸಾವಿರ ಸಲ ಅದೇ ಆರ್ಗ್ಯುಮೆಂಟ್‌ನಿಂದ ಕರೆಯುವವನಿದ್ದರೆ, ಕಂಪೈಲರ್ ಆ ಕರೆಯನ್ನು ಲೂಪ್‌ನಿಂದ ಹೊರಗೆ ತಂದು ಒಂದೇ ಸಲ ಕರೆದು ಉತ್ತರವನ್ನು ಇಟ್ಟುಕೊಳ್ಳುತ್ತದೆ. ಅಷ್ಟೂ ನ್ಯಾಯವಾಗಿಯೇ ಇದೆ. ಈಗ ಪ್ಯಾಚ್ ಬರುತ್ತದೆ: ಮಿತಿ ಸ್ಥಿರವಾಗಿರಬಾರದು, ಪ್ರತಿ ಸಲವೂ ಒಂದು ಗ್ಲೋಬಲ್ ವೇರಿಯೇಬಲ್ ನೋಡಿ ನಿರ್ಧರಿಸಬೇಕು ಎನ್ನುತ್ತದೆ. ಹೊಸ ಫಂಕ್ಷನ್ ಸರಿಯಾಗಿದೆ, ಹೊಸ್ತಿಲಿನ ತಿರುವೂ ಸರಿಯಾಗಿದೆ. ಆದರೆ ಕರೆಯುವವನು ಬರುವುದೇ ಒಂದು ಸಲ. ಲೂಪ್ ನಡೆಯುತ್ತಿರುವಾಗ ಆ ವೇರಿಯೇಬಲ್ ಬದಲಾದರೆ ಅದು ಅವನಿಗೆ ತಿಳಿಯುವುದೇ ಇಲ್ಲ. ಆಬ್ಜ್‌ಡಂಪ್ ತೆರೆದರೆ ಕರೆ ಕಣ್ಣಿಗೆ ಕಾಣುತ್ತದೆ, ನಕಲು ಎಲ್ಲಿಯೂ ಕಾಣುವುದಿಲ್ಲ. ಸಣ್ಣ ರೈತರ ಪಟ್ಟಿಯ ಕಥೆಯೇ ಇದು.

ಇನ್ನೊಂದು ಉದಾಹರಣೆ ರಿಜಿಸ್ಟರ್‌ಗಳದು, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗಗಳದು. 64 ಬಿಟ್‌ನ ಎಕ್ಸ್86ನಲ್ಲಿ ಲಿನಕ್ಸ್ ಪಾಲಿಸುವ ಒಪ್ಪಂದದ ಪ್ರಕಾರ 9 ಸಾಮಾನ್ಯ ರಿಜಿಸ್ಟರ್‌ಗಳನ್ನು ಕರೆಯಿಸಿಕೊಂಡ ಫಂಕ್ಷನ್ ಯಥೇಚ್ಛವಾಗಿ ಕೆಡಿಸಬಹುದು. ಕರೆಯುವವನು ಅವುಗಳಲ್ಲಿ ಬೇಕಾದದ್ದೇನಾದರೂ ಇದ್ದರೆ ಮೊದಲೇ ಬೇರೆಡೆ ಎತ್ತಿಟ್ಟುಕೊಳ್ಳಬೇಕು. ‘ಎಫ್-ಐಪಿಎ-ಆರ್‌ಎ’ ಎಂಬ ಆಪ್ಟಿಮೈಸೇಷನ್ (ವೇಗಕ್ಕಾಗಿ ಕಂಪೈಲರ್ ಮಾಡುವ ಮಾರ್ಪಾಡು) ಕರೆಯಿಸಿಕೊಂಡವನ ಒಡಲನ್ನು ಇಣುಕಿ ನೋಡಿ, ‘ಇವನು ಆರ್10 ಎಂಬ ರಿಜಿಸ್ಟರನ್ನು ಮುಟ್ಟುವುದೇ ಇಲ್ಲ’ ಎಂದು ಕಂಡುಕೊಂಡು, ಎತ್ತಿಡುವ ಶ್ರಮವನ್ನು ಉಳಿಸುತ್ತದೆ. ಪ್ಯಾಚ್ ಮೂಲಕ ಬಂದ ಹೊಸ ಫಂಕ್ಷನ್‌ಗೆ ಈ ಖಾಸಗಿ ಒಪ್ಪಂದ ಗೊತ್ತಿಲ್ಲ. ಅದು ಆರ್10ನಲ್ಲಿ ತನ್ನದೊಂದು ಬೆಲೆ ಬರೆಯುತ್ತದೆ. ಹಿಂತಿರುಗಿದ ಮೇಲೆ ಕರೆದವನ ಲೆಕ್ಕ ಕೆಟ್ಟಿರುತ್ತದೆ, ಆದರೆ ತಕ್ಷಣ ಏನೂ ಕುಸಿಯುವುದಿಲ್ಲ. ಎಲ್ಲೋ ಯಾವಾಗಲೋ ಬೇರೊಂದು ಫಂಕ್ಷನ್ ತಪ್ಪು ವಿಳಾಸ ಮುಟ್ಟಿ ಬೀಳುತ್ತದೆ. ‘ಪಿಜಿ’ ಆಪ್ಷನ್‌ನಿಂದ ಕಟ್ಟಿದಾಗ ಜಿಸಿಸಿ ಈ ಆಪ್ಟಿಮೈಸೇಷನ್ ಅನ್ನು ತಾನಾಗಿಯೇ ನಿಲ್ಲಿಸುತ್ತದೆ ಎಂಬುದು ಸಮಾಧಾನದ ಸಂಗತಿ. ಹೊಸ್ತಿಲನ್ನು ಬೇರೆ ಬಗೆಯಲ್ಲಿ ಇಡಿಸಿಕೊಳ್ಳುವವರು ಮಾತ್ರ ಇದನ್ನು ನೆನಪಿಡಬೇಕು.

ಒಡಲು ಅಕ್ಷರಶಃ ಒಂದೇ ಆಗಿರುವ ಎರಡು ಫಂಕ್ಷನ್‌ಗಳನ್ನು ಕಂಪೈಲರ್ ಒಂದಾಗಿ ಮಡಚುವುದೂ ಉಂಟು. ಒಂದಕ್ಕೆ ಹಾಕಿದ ಪ್ಯಾಚ್ ಆಗ ಮತ್ತೊಂದಕ್ಕೂ ತಾಗುತ್ತದೆ. ತಿದ್ದುಪಡಿ ಕಡಿಮೆಯಾಗುವುದು ಒಂದು ಅಪಾಯವಾದರೆ, ಕೇಳದ ಕಡೆಯೂ ತಿದ್ದುಪಡಿಯಾಗುವುದು ಇನ್ನೊಂದು.

ಈ ಹಿನ್ನೆಲೆಯಲ್ಲಿ 2019ರ ಜಿಸಿಸಿ 9ರಲ್ಲಿ ‘ಎಫ್-ಲೈವ್-ಪ್ಯಾಚಿಂಗ್’ ಎಂಬ ಆಪ್ಷನ್ ಬಂದಿತು. ಅದರ ದಾಖಲೆಯಲ್ಲಿ ಮೊದಲು ಕೊಟ್ಟಿರುವುದು ಒಂದು ವ್ಯಾಖ್ಯೆ, ನನ್ನ ಅಭಿಪ್ರಾಯದಲ್ಲಿ ಆಪ್ಷನ್‌ಗಿಂತ ಆ ವ್ಯಾಖ್ಯೆಯೇ ದೊಡ್ಡ ಕೊಡುಗೆ. ಒಂದು ಫಂಕ್ಷನ್‌ನ ಒಡಲನ್ನಾಗಲಿ, ಒಡಲಿನಿಂದ ತಿಳಿದುಕೊಂಡ ಮಾಹಿತಿಯನ್ನಾಗಲಿ ಬಳಸಿ ಕಂಪೈಲರ್ ಇನ್ನೊಂದು ಫಂಕ್ಷನ್ ಅನ್ನು ಬದಲಿಸಿದರೆ, ಆ ಇನ್ನೊಂದು ಫಂಕ್ಷನ್ ಮೊದಲನೆಯದರಿಂದ ಬಾಧಿತವಾದದ್ದು. ಮೊದಲನೆಯದಕ್ಕೆ ಪ್ಯಾಚ್ ಹಾಕುವವರು ಬಾಧಿತವಾದವೆಲ್ಲಕ್ಕೂ ಪ್ಯಾಚ್ ಹಾಕಬೇಕು. ನಕಲು ಮತ್ತು ತೀರ್ಮಾನ ಎರಡೂ ಈ ಒಂದೇ ಮಾತಿನೊಳಗೆ ಅಡಕವಾಗಿವೆ ಎಂಬುದನ್ನು ಗಮನಿಸಿ.

ಬಾಧಿತ ಫಂಕ್ಷನ್‌ಗಳ ಪಟ್ಟಿಯನ್ನು ಮನುಷ್ಯರೋ ಸಾಧನಗಳೋ ನಂಬಿಕೆಯಿಂದ ಬರೆಯಲು ಆಗುವಷ್ಟಕ್ಕೆ ಕಂಪೈಲರ್‌ನ ಜಾಣ್ಮೆಗೆ ಬೇಲಿ ಹಾಕುವುದು ಈ ಆಪ್ಷನ್‌ನ ಕೆಲಸ. ಬೇಲಿಗೆ ಎರಡು ಮಟ್ಟಗಳಿವೆ. ‘ಇನ್‌ಲೈನ್-ಕ್ಲೋನ್’ ಎಂಬ ಮಟ್ಟದಲ್ಲಿ ಇನ್‌ಲೈನಿಂಗ್ ಮತ್ತು ಕ್ಲೋನಿಂಗ್ ಜಾತಿಯ ಆಪ್ಟಿಮೈಸೇಷನ್‌ಗಳು ಉಳಿಯುತ್ತವೆ. ಕಾನ್‌ಸ್ಟ್ ಸ್ವಭಾವವನ್ನು ಪತ್ತೆಮಾಡುವುದು, ಬೆಲೆಗಳ ವ್ಯಾಪ್ತಿಯನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವುದು, ರಿಜಿಸ್ಟರ್‌ಗಳ ಖಾಸಗಿ ಒಪ್ಪಂದ, ಒಂದೇ ಬಗೆಯವನ್ನು ಮಡಚುವುದು, ಇವೆಲ್ಲ ನಿಲ್ಲುತ್ತವೆ. ಆಪ್ಷನ್‌ಗೆ ಯಾವ ಬೆಲೆಯನ್ನೂ ಕೊಡದಿದ್ದರೆ ಸಿಗುವುದು ಇದೇ ಮಟ್ಟ. ‘ಇನ್‌ಲೈನ್-ಓನ್ಲಿ-ಸ್ಟ್ಯಾಟಿಕ್’ ಎಂಬುದು ಇನ್ನೂ ಬಿಗಿಯಾದದ್ದು. ಅದರಲ್ಲಿ ಕ್ಲೋನಿಂಗ್ ಕೂಡ ಇಲ್ಲ, ಸ್ಟ್ಯಾಟಿಕ್ ಫಂಕ್ಷನ್‌ಗಳ ಇನ್‌ಲೈನಿಂಗ್ ಮಾತ್ರ ಉಂಟು. ಸ್ಟ್ಯಾಟಿಕ್ ಎಂದರೆ ಆ ಕಡತದ ಹೊರಗೆ ಅದರ ಹೆಸರು ಕಾಣುವುದಿಲ್ಲ. ಆದ್ದರಿಂದ ಬಾಧಿತರನ್ನು ಹುಡುಕಲು ಸಾಮಾನ್ಯವಾಗಿ ಅದೇ ಒಂದು ಕಡತವನ್ನು ಓದಿದರೆ ಸಾಕು.

ಈ ವಿಂಗಡಣೆಯ ಹಿಂದಿರುವ ವಿವೇಕವನ್ನು ನಾನು ಬಹಳ ಗೌರವಿಸುತ್ತೇನೆ. ಯಾವ ಆಪ್ಟಿಮೈಸೇಷನ್ ಎಷ್ಟು ವೇಗ ಕೊಡುತ್ತದೆ ಎಂದು ಕೇಳದೆ, ಯಾವುದು ಕುರುಹು ಬಿಡುತ್ತದೆ ಎಂದು ಕೇಳಲಾಗಿದೆ. ಇನ್‌ಲೈನ್ ಆದದ್ದೂ ಕ್ಲೋನ್ ಆದದ್ದೂ ಕುರುಹು ಬಿಡುತ್ತವೆ; ‘ಎಫ್-ಡಂಪ್-ಐಪಿಎ-ಕ್ಲೋನ್ಸ್’ ಎಂಬ ಇನ್ನೊಂದು ಆಪ್ಷನ್ ಕೊಟ್ಟರೆ ಯಾವ ಫಂಕ್ಷನ್ ಯಾವುದರೊಳಗೆ ಹೋಯಿತು, ಯಾವುದರ ಪ್ರತಿ ಎಲ್ಲಿ ಹುಟ್ಟಿತು ಎಂಬುದನ್ನು ಜಿಸಿಸಿ ಒಂದು ಕಡತದಲ್ಲಿ ಬರೆದುಕೊಡುತ್ತದೆ. ‘ಅ’ ಎಂಬುದು ‘ಆ’ದೊಳಗೆ, ‘ಆ’ ಎಂಬುದು ‘ಇ’ಯೊಳಗೆ ಹೋಗಿದ್ದರೆ ‘ಅ’ವನ್ನು ತಿದ್ದುವವರು ‘ಇ’ಯನ್ನೂ ಹೊಸದಾಗಿ ಕಟ್ಟಬೇಕು. ಆ ಸರಪಳಿ ಎಷ್ಟು ಉದ್ದವಾದರೂ ಕಡತದಲ್ಲಿ ಓದಿಕೊಳ್ಳಬಹುದು. ತೀರ್ಮಾನಗಳಿಗೆ ಇಂಥ ದಾಖಲೆ ಇಲ್ಲದಿರುವುದರಿಂದಲೇ ಅವುಗಳನ್ನು ನಿಲ್ಲಿಸಲಾಗಿದೆ.

ಹಾಗಾದರೆ ಕರ್ನೆಲ್ ಇದನ್ನು ಬಳಸುತ್ತದೆಯೇ? ಬಳಸಿತು, ನಂತರ ಬಿಟ್ಟಿತು. 2019ರ ಲಿನಕ್ಸ್ 5.1ರಲ್ಲಿ, ಲೈವ್ ಪ್ಯಾಚಿಂಗ್ ಸೌಲಭ್ಯವನ್ನು ಆರಿಸಿಕೊಂಡರೆ ಈ ಆಪ್ಷನ್ ತಾನಾಗಿ ಸೇರುವಂತೆ ಮಾಡಲಾಗಿತ್ತು. ಅದನ್ನು ಹಿಂತೆಗೆದುಕೊಳ್ಳುವಾಗ ಕೊಟ್ಟ ಕಾರಣಗಳು ಪ್ರತಿಯೊಬ್ಬ ವಿದ್ಯಾರ್ಥಿಯೂ ತೂಗಿ ನೋಡಬೇಕಾದಂಥವು. ಆಪ್ಟಿಮೈಸೇಷನ್‌ಗಳು ನಿಂತದ್ದರಿಂದ ವೇಗಕ್ಕೆ ಪೆಟ್ಟು ಬೀಳುವ ಸಂಭವವಿತ್ತು, ಮತ್ತು ಆ ಪೆಟ್ಟು ಎಂದೂ ಪ್ಯಾಚ್ ಹಾಕದವರಿಗೂ ಬೀಳುತ್ತಿತ್ತು. ಎಲ್ಲ ಕಡತಗಳನ್ನೂ ಲಿಂಕ್ ಮಾಡುವ ಹೊತ್ತಿನಲ್ಲಿ ಒಟ್ಟಿಗೆ ಆಪ್ಟಿಮೈಸ್ ಮಾಡುವ ಎಲ್‌ಟಿಒ ಜೊತೆಗೆ ಈ ಆಪ್ಷನ್ ನಡೆಯುವುದಿಲ್ಲವೆಂದು ಜಿಸಿಸಿಯ ದಾಖಲೆಯೇ ಹೇಳುತ್ತದೆ. ಕರ್ನೆಲ್ ಆಗಲೇ ಎಲ್‌ಟಿಒ ಕಡೆಗೆ ಹೆಜ್ಜೆ ಇಡುತ್ತಿತ್ತು, 2021ರ ಲಿನಕ್ಸ್ 5.12ರಲ್ಲಿ ಕ್ಲ್ಯಾಂಗ್ ಮೂಲಕ ಅದು ಸೇರಿಯೂ ಬಿಟ್ಟಿತು. ಕ್ಲ್ಯಾಂಗ್‌ನಲ್ಲಿ ಈ ಆಪ್ಷನ್ನೇ ಇರಲಿಲ್ಲ.

ಎಲ್ಲಕ್ಕಿಂತ ಗಮನಾರ್ಹವಾದ ಕಾರಣ ಇನ್ನೊಂದಿದೆ. ಒಂದು ಸ್ಟ್ಯಾಟಿಕ್ ಫಂಕ್ಷನ್ ಎಂದೂ ಹಿಂತಿರುಗುವುದಿಲ್ಲ, ಉದಾಹರಣೆಗೆ ಯಂತ್ರವನ್ನು ನಿಲ್ಲಿಸಿಬಿಡುತ್ತದೆ, ಎಂಬುದನ್ನು ಕಂಪೈಲರ್ ತಾನೇ ಪತ್ತೆಮಾಡುವ ಶಕ್ತಿ ಕೂಡ ಈ ಆಪ್ಷನ್‌ನಿಂದ ನಿಂತುಹೋಯಿತು. ಅದರ ಪರಿಣಾಮವಾಗಿ ಆಬ್ಜ್‌ಟೂಲ್ ಎಂಬ ಪರಿಶೀಲನಾ ಸಾಧನ ‘ಇಲ್ಲಿಗೆ ಯಾರೂ ತಲುಪಲಾರರು’ ಎಂಬ ಎಚ್ಚರಿಕೆಗಳನ್ನು ಕೊಡತೊಡಗಿತು. ಈ ಆಬ್ಜ್‌ಟೂಲ್‌ನ ಮೇಲೆಯೇ ಲೈವ್ ಪ್ಯಾಚಿಂಗ್‌ನ ಇನ್ನೊಂದು ಕಾಲು ನಿಂತಿದೆ. ಅದನ್ನು ವಿವರಿಸಬೇಕು.

ಪ್ಯಾಚ್ ಹಾಕುವ ಕ್ಷಣದಲ್ಲಿ ಹಳೆಯ ಫಂಕ್ಷನ್‌ನ ಒಳಗೇ ಯಾವುದಾದರೂ ಟಾಸ್ಕ್, ಅಂದರೆ ಕರ್ನೆಲ್ ನಡೆಸುತ್ತಿರುವ ಒಂದು ಕೆಲಸ, ಮಲಗಿರಬಹುದು. ಅದು ಎದ್ದು ಹಳೆಯ ನಿಯಮದಂತೆ ಲಾಕ್ ಬಿಡಲು ಹೋದಾಗ, ಮಿಕ್ಕವರು ಹೊಸ ನಿಯಮದಂತೆ ನಡೆಯುತ್ತಿದ್ದರೆ ಅನಾಹುತವಾಗುತ್ತದೆ. 2017ರ ಲಿನಕ್ಸ್ 4.12ರಲ್ಲಿ ಬಂದ ವ್ಯವಸ್ಥೆಯಲ್ಲಿ ಒಂದೊಂದು ಟಾಸ್ಕನ್ನೂ ಪ್ರತ್ಯೇಕವಾಗಿ ಹಳೆಯದರಿಂದ ಹೊಸದಕ್ಕೆ ದಾಟಿಸಲಾಗುತ್ತದೆ. ಮಲಗಿರುವ ಟಾಸ್ಕ್‌ನ ಸ್ಟ್ಯಾಕ್ (ಅದು ಸದ್ಯ ಯಾವ ಯಾವ ಫಂಕ್ಷನ್‌ಗಳ ಒಳಗಿದೆ ಎಂಬ ದಾಖಲೆ) ತೆರೆದು, ತಿದ್ದಬೇಕಾದ ಫಂಕ್ಷನ್ ಅದರಲ್ಲಿ ಇಲ್ಲವೆಂದು ಖಚಿತವಾದರೆ ಅದನ್ನು ದಾಟಿಸುತ್ತಾರೆ. ಇದ್ದರೆ ಮತ್ತೆ ನೋಡುತ್ತಾರೆ. ಕರ್ನೆಲ್‌ನಿಂದ ಬಳಕೆದಾರರ ಕಡೆಗೆ ಮರಳುವ ಟಾಸ್ಕ್ ಆ ಗಡಿಯಲ್ಲಿ ದಾಟುತ್ತದೆ. ಇಲ್ಲಿ ಸ್ಟ್ಯಾಕ್ ಓದುವುದು ನೂರಕ್ಕೆ ನೂರು ವಿಶ್ವಾಸಾರ್ಹವಾಗಿರಬೇಕು. ಅದಕ್ಕೆ, ಸ್ಟ್ಯಾಕ್‌ನಲ್ಲಿ ಪ್ರತಿ ಫಂಕ್ಷನ್‌ನ ಜಾಗವನ್ನು ತೋರುವ ಫ್ರೇಮ್ ಪಾಯಿಂಟರ್ ಉಳಿಸಿಕೊಳ್ಳುವ ಕಂಪೈಲರ್ ಆಪ್ಷನ್ ಒಂದು ದಾರಿ. ಆದರೆ ಅದರಿಂದ ಕರ್ನೆಲ್‌ನ ಕೋಡ್ ಶೇಕಡಾ 3.2ರಷ್ಟು ಹಿಗ್ಗುತ್ತದೆ, ಕೆಲವು ಕೆಲಸಗಳಲ್ಲಿ ಶೇಕಡಾ 5ರಿಂದ 10ರಷ್ಟು ನಿಧಾನವಾಗುತ್ತದೆ ಎಂದು ಕರ್ನೆಲ್‌ನ ದಾಖಲೆ ಹೇಳುತ್ತದೆ. 4.14ರಲ್ಲಿ ಬಂದ ಓಆರ್‌ಸಿ ಎಂಬ ವಿಧಾನದಲ್ಲಿ ಆ ಭಾರವಿಲ್ಲ. ಕರ್ನೆಲ್ ಕಟ್ಟುವಾಗಲೇ ಆಬ್ಜ್‌ಟೂಲ್ ಪ್ರತಿಯೊಂದು ಸೂಚನೆಯ ಜಾಗದಲ್ಲೂ ಸ್ಟ್ಯಾಕ್ ಹೇಗಿರುತ್ತದೆ ಎಂಬ ಕೋಷ್ಟಕವನ್ನು ತಯಾರಿಸಿಡುತ್ತದೆ. ಪ್ಯಾಚಿನ ಸುರಕ್ಷತೆಗೆಂದು ಹಾಕಿದ ಆಪ್ಷನ್ ಅದೇ ಸುರಕ್ಷತೆಯ ಇನ್ನೊಂದು ಆಧಾರವಾದ ಈ ಸಾಧನವನ್ನು ಗೊಂದಲಕ್ಕೆ ತಳ್ಳಿತೆಂದರೆ, ಹಿಂತೆಗೆದುಕೊಂಡದ್ದು ಸರಿಯೆಂದೇ ನಾನು ಭಾವಿಸುತ್ತೇನೆ.

ಆಪ್ಷನ್ ಇಲ್ಲದೆ ಬಾಧಿತರನ್ನು ಹುಡುಕುವ ದಾರಿ ಕೆಸ್ಪ್ಲೈಸ್ ಕಾಲದಿಂದಲೂ ಇದೆ, ಕೆಪ್ಯಾಚ್ ಕೂಡ ಅದನ್ನೇ ಹಿಡಿದಿದೆ. ಕರ್ನೆಲ್ ಅನ್ನು ತಿದ್ದುಪಡಿ ಇಲ್ಲದೆ ಒಮ್ಮೆ, ತಿದ್ದುಪಡಿಯೊಂದಿಗೆ ಒಮ್ಮೆ ಕಟ್ಟಿ, ಹೊರಬಂದ ಯಂತ್ರಭಾಷೆಯನ್ನು ಫಂಕ್ಷನ್ ಫಂಕ್ಷನ್ ಆಗಿ ಹೋಲಿಸುವುದು. ಈ ಹೋಲಿಕೆ ಸಾಧ್ಯವಾಗಲು ‘ಎಫ್-ಫಂಕ್ಷನ್-ಸೆಕ್ಷನ್ಸ್’ ಮತ್ತು ‘ಎಫ್-ಡೇಟಾ-ಸೆಕ್ಷನ್ಸ್’ ಎಂಬ ಎರಡು ಆಪ್ಷನ್ ಬೇಕು. ಅವು ಪ್ರತಿ ಫಂಕ್ಷನ್‌ಗೂ ಪ್ರತಿ ವೇರಿಯೇಬಲ್‌ಗೂ ಬೇರೆ ಬೇರೆ ಗೂಡು ಮಾಡುತ್ತವೆ. ನನ್ನ ಆ ಉದ್ದ ಪರೀಕ್ಷೆಯ ಫಂಕ್ಷನ್ ಅನ್ನು ಈ ವಿಧಾನದಲ್ಲಿ ತಿದ್ದಿದ್ದರೆ, ಓದುವಿಕೆಯ ದಾರಿಯ ಫಂಕ್ಷನ್ ಕೂಡ ಬದಲಾಗಿದೆ ಎಂದು ಹೋಲಿಕೆಯೇ ತೋರಿಸುತ್ತಿತ್ತು. ಲೂಪ್‌ನಿಂದ ಹೊರಗೆ ಬಂದ ಕರೆಯೂ ಸಿಕ್ಕಿಬೀಳುತ್ತದೆ, ಏಕೆಂದರೆ ಎರಡನೆಯ ಸಲ ಕಟ್ಟುವಾಗ ಹೊಸ ಒಡಲನ್ನು ನೋಡಿದ ಕಂಪೈಲರ್ ಆ ಕರೆಯನ್ನು ಲೂಪ್‌ನೊಳಗೇ ಬಿಡುತ್ತದೆ. ಕಂಪೈಲರ್ ಏನು ಯೋಚಿಸಿತೆಂದು ನಾವು ಊಹಿಸಬೇಕಾಗಿಲ್ಲ, ಅದು ಮಾಡಿದ್ದನ್ನು ಅಳೆದರೆ ಸಾಕು. ಆದರೆ ಎರಡೂ ಸಲ ಕಂಪೈಲರ್‌ನ ಆವೃತ್ತಿ, ಕರ್ನೆಲ್‌ನ ಕಾನ್ಫಿಗರೇಷನ್, ಕೊಟ್ಟ ಆಪ್ಷನ್‌ಗಳು ಓಡುತ್ತಿರುವ ಕರ್ನೆಲ್‌ನದ್ದೇ ಆಗಿರಬೇಕು. ಇದರಲ್ಲಿ ಸ್ವಲ್ಪ ಸಡಿಲವಾದರೂ ಹೋಲಿಕೆಗೆ ಅರ್ಥವಿಲ್ಲ.

ಮೂಲ ಕೋಡ್‌ನಿಂದಲೇ ಪ್ಯಾಚ್ ಬರೆಯುವವರು ಇಂದಿಗೂ ಇದ್ದಾರೆ. ಓದಲು, ಪರಿಶೀಲಿಸಲು ಆ ಪ್ಯಾಚ್‌ಗಳೇ ಹೆಚ್ಚು ಸ್ಪಷ್ಟ. ‘ಎಫ್-ಲೈವ್-ಪ್ಯಾಚಿಂಗ್’ ರೂಪುಗೊಂಡದ್ದೂ ಅವರಿಗಾಗಿಯೇ. ತಮ್ಮ ಕರ್ನೆಲ್ ಅನ್ನು ತಾವೇ ಕಟ್ಟಿಕೊಳ್ಳುವ, ಎಲ್‌ಟಿಒ ಬಳಸದ ಸಂಸ್ಥೆ ಈ ಆಪ್ಷನ್ ಅನ್ನು ಇಂದು ಆರಿಸಿಕೊಂಡರೆ ನಾನು ತಪ್ಪೆನ್ನುವುದಿಲ್ಲ. ಜೊತೆಗೆ ಡಂಪ್ ಕಡತಗಳನ್ನು ಆ ಕರ್ನೆಲ್ ಬಳಕೆಯಲ್ಲಿರುವಷ್ಟು ಕಾಲವೂ ಜೋಪಾನ ಮಾಡಬೇಕು ಎನ್ನುತ್ತೇನೆ. ಪ್ಯಾಚ್ ಬೇಕಾಗುವುದು ಕಟ್ಟಿದ ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಆ ಕಡತಗಳನ್ನು ಅಳಿಸಿದ್ದರೆ ಬಾಧಿತರ ಪಟ್ಟಿಗೆ ಆಧಾರವೇ ಇರುವುದಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬರು, ‘ಸರ್, ಎಲ್ಲ ಇನ್‌ಲೈನಿಂಗ್ ನಿಲ್ಲಿಸಿ ಕರ್ನೆಲ್ ಕಟ್ಟಿಬಿಟ್ಟರೆ ಈ ತಾಪತ್ರಯವೇ ಇರುವುದಿಲ್ಲವಲ್ಲ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಆದರೆ ಇನ್‌ಲೈನ್ ಆಗಲೇಬೇಕೆಂದು ಗುರುತು ಹಾಕಿದ ಸಣ್ಣ ಫಂಕ್ಷನ್‌ಗಳು ಕರ್ನೆಲ್‌ನ ಹೆಡರ್ ಕಡತಗಳಲ್ಲಿ ಹೇರಳ, ಅವುಗಳನ್ನು ಇನ್‌ಲೈನಿಂಗ್ ನಿಲ್ಲಿಸುವ ಆಪ್ಷನ್‌ಗಳೂ ತಡೆಯುವುದಿಲ್ಲ. ಮ್ಯಾಕ್ರೋಗಳಂತೂ ಕಂಪೈಲರ್ ನೋಡುವ ಮೊದಲೇ ಹರಡಿರುತ್ತವೆ. ಹೀಗಾಗಿ ಬಾಧಿತರ ಪಟ್ಟಿ ಎಂದೂ ಖಾಲಿಯಾಗದು. ವೇಗವನ್ನು ಕಳೆದುಕೊಂಡೂ ಪಟ್ಟಿಯನ್ನು ಬರೆಯಲೇಬೇಕಾದರೆ, ವೇಗವನ್ನು ಉಳಿಸಿಕೊಂಡು ಪಟ್ಟಿಯನ್ನು ಸರಿಯಾಗಿ ಬರೆಯುವುದೇ ಮೇಲು. ಪ್ಯಾಚ್ ಹಾಕಬೇಕಾಗಿ ಬರಬಹುದೆಂದು ಮೊದಲೇ ಗೊತ್ತಿರುವ ಒಂದೆರಡು ಫಂಕ್ಷನ್‌ಗಳಿಗೆ ‘ನೋಇನ್‌ಲೈನ್’, ‘ನೋಕ್ಲೋನ್’ ಎಂದು ಬರೆದಿಡುವುದು ಬೇರೆ ಮಾತು, ಅದು ಒಳ್ಳೆಯ ಅಭ್ಯಾಸ.

ಹಿರಿಯ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಒಬ್ಬರು, ‘ಟ್ರಾನ್ಸಿಷನ್ 0 ಎಂದು ಬಂದ ಮೇಲೆ ಇನ್ನೇನು ನೋಡಬೇಕು?’ ಎಂದರು. ಅದು 1 ಆಗಿಯೇ ಬಹಳ ಹೊತ್ತು ನಿಂತರೆ ಯಾವುದೋ ಟಾಸ್ಕ್ ಹಳೆಯ ಫಂಕ್ಷನ್‌ನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ, ಅದನ್ನು ಬಲವಂತವಾಗಿ ದಾಟಿಸುವ ‘ಫೋರ್ಸ್’ ಎಂಬ ಕಡತವನ್ನು ಮುಟ್ಟಬೇಡಿ ಎಂದು ಮೊದಲು ಹೇಳಿದೆ. 0 ಬಂದ ಮೇಲೆ, ತಿದ್ದಿದ ಫಂಕ್ಷನ್ ಅನ್ನು ಕರೆಯುವವರೆಲ್ಲರ ಪಟ್ಟಿ ಹಿಡಿದು, ಪ್ರತಿಯೊಬ್ಬರ ದಾರಿಯಿಂದಲೂ ದೋಷವನ್ನು ಎಬ್ಬಿಸುವ ಪರೀಕ್ಷೆಯನ್ನು ಬೇರೆ ಬೇರೆಯಾಗಿ ಓಡಿಸಬೇಕು. ನನ್ನ ಡ್ರೈವರ್‌ನಲ್ಲಿ ಹಾಗೆ ಓಡಿಸಬೇಕಾದವು ಮೂರು. ಮೊದಲ ಎರಡು ಪಾಸಾಗುತ್ತಿದ್ದವು, ಮೂರನೆಯದು ಓದುವಿಕೆಯ ದಾರಿ.